ಎಣ್ಣೆಯ ಋಣ

ಹನ್ನೊಂದು ವರ್ಷಗಳ ಕಾಲ ಮೈಸೂರಿನ ಮನೆಗೂ ಮಂಡ್ಯದ ಕಾಲೇಜಿಗೂ ನಡುವಣ 45 ಕಿಲೋಮೀಟರುಗಳನ್ನು ರೈಲಿನಲ್ಲಿ ನಿಂತೋ, ಬಾಗಿಲಿಗೆ ಒರಗಿಯೋ, ದೈವಾನುಗ್ರಹವಿದ್ದ ದಿನ ಕುಳಿತೋ ಕ್ರಮಿಸುತ್ತಿದ್ದ ನನಗೆ ಸ್ವಂತದ್ದೊಂದು ಕಾರು ಅತ್ಯಾವಶ್ಯಕವೆಂಬ ಜ್ಞಾನೋದಯವಾದುದು 2012ನೆಯ ಇಸವಿಯ ಮೇ ತಿಂಗಳಿನಲ್ಲಿ, ಅದೂ ಪೆಟ್ರೋಲಿನ ಬೆಲೆ ಒಂದೇ ರಾತ್ರಿಯಲ್ಲಿ ಲೀಟರಿಗೆ ಏಳು ರೂಪಾಯಿಗೂ ಮಿಗಿಲಾಗಿ ನೆಗೆದ ಮರುದಿನ. ಎಣ್ಣೆ ತುಟ್ಟಿಯಾದಾಗ ಇದ್ದ ಕಾರನ್ನು ಮಾರುವವರನ್ನು ನಾನು ಕಂಡಿದ್ದೇನೆ. ಇಲ್ಲದ ಕಾರನ್ನು ಕೊಳ್ಳಲು ಹೊರಟವನು, ನಾನು ಬಲ್ಲಂತೆ, ನಾನೊಬ್ಬನೇ.

ಈ ವಿಪರೀತಬುದ್ಧಿಗೆ ಪ್ರೇರಕರಾದವರು ನನ್ನ ಭಾವಮೈದುನರು. ಅವರು ಬ್ಯಾಂಕಿನವರು, ಯಾವ ವಿಷಯವನ್ನೇ ಆಗಲಿ ಕಾಗದದ ಮೇಲೆ ಜಮಾ-ಖರ್ಚುಗಳಾಗಿ ಸೀಳಿ ನೋಡಿದ ಹೊರತು ಅದು ಇದೆಯೆಂದೇ ಒಪ್ಪುವವರಲ್ಲ. ಮದುವೆಯ ಕರೆಯೋಲೆಯೊಂದರ ಬೆನ್ನ ಮೇಲೆ, ವಧೂವರರ ನಾಮಧೇಯಗಳು ಆಚೆಯ ಬದಿಯಿಂದ ಮಸುಕಾಗಿ ಇಣುಕುತ್ತಿರಲು, ಅವರು ಬರೆದ ಗಣಿತವು ಇಂದಿಗೂ ನನಗೆ ಕಂಠಸ್ಥವಾಗಿದೆ. ಪೆಟ್ರೋಲು ಲೀಟರಿಗೆ ಸುಮಾರು 78 ರೂಪಾಯಿ, ಲೀಟರಿಗೆ 15 ಕಿಲೋಮೀಟರು. ಎಂದರೆ ಕಿಲೋಮೀಟರಿಗೆ 5 ರೂಪಾಯಿ 20 ಪೈಸೆ. ಡೀಸೆಲು ಸುಮಾರು 44 ರೂಪಾಯಿ, ಲೀಟರಿಗೆ 20 ಕಿಲೋಮೀಟರು. ಎಂದರೆ 2 ರೂಪಾಯಿ 20 ಪೈಸೆ. ಆದುದರಿಂದ ಡೀಸೆಲು ಕಾರನ್ನು ಓಡಿಸುವವನು ಪ್ರತಿಯೊಂದು ಕಿಲೋಮೀಟರಿಗೂ 3 ರೂಪಾಯಿಗಳನ್ನು ಸಂಪಾದಿಸುತ್ತಾನೆ. ಅದೇ ಪ್ರಾಯದ ಪೆಟ್ರೋಲು ಕಾರಿಗಿಂತ ಡೀಸೆಲು ಕಾರಿಗೆ 1,20,000 ರೂಪಾಯಿ ಅಧಿಕವಾಗಿ ತೆರಬೇಕಾಗುವುದು ನಿಜ; ಆದರೆ 40,000 ಕಿಲೋಮೀಟರು ಉರುಳಿದೊಡನೆ ಆ ಹೆಚ್ಚಳವೆಲ್ಲ ತೀರಿ, ಅಲ್ಲಿಂದಾಚೆಗೆ ಗಾಲಿ ಸುತ್ತಿದಷ್ಟೂ ಲಾಭವೇ. "ಭಾವಾ, ನೀವು ಕಾರು ಕೊಳ್ತಾ ಇಲ್ಲ, ಠೇವಣಿ ಇಡ್ತಾ ಇದ್ದೀರಿ" ಎಂದು ಅವರು ಲೇಖನಿಯ ಟೊಪ್ಪಿಗೆಯನ್ನು ಮುಚ್ಚಿದರು.

ಈ ಲೆಕ್ಕದಲ್ಲಿ ಹೋಲಿಕೆಯೆಲ್ಲವೂ ಡೀಸೆಲು ಕಾರಿಗೂ ಪೆಟ್ರೋಲು ಕಾರಿಗೂ ನಡುವೆ ಇದ್ದಿತೇ ಹೊರತು, ಕಾರಿಗೂ ರೈಲಿನ ಸೀಸನ್ ಟಿಕೆಟ್ಟಿಗೂ ನಡುವೆ ಇರಲಿಲ್ಲವೆಂಬ ಸೂಕ್ಷ್ಮವು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನನ್ನ ಹೆಂಡತಿಗೆ ಹೊಳೆದಿದ್ದಿತಂತೆ. ಭಾನುವಾರಗಳಂದು ಎಲ್ಲಿಗಾದರೂ ಹೋಗಿಬರಬಹುದೆಂಬ ಆಸೆಯಿಂದ ಬಾಯಿ ಬಿಡದೆ ಇದ್ದಳಂತೆ.

ಹಳೆಯ ಕಾರುಗಳ ಪೇಟೆಗೆ ತನ್ನದೇ ಆದೊಂದು ಕಾವ್ಯಭಾಷೆಯುಂಟು. ಅಲ್ಲಿ ಮಾರಾಟಕ್ಕೆ ನಿಂತಿರುವ ಕಾರುಗಳಲ್ಲಿ ಅರ್ಧಕ್ಕೆ ಮೇಲ್ಪಟ್ಟವು 'ಡಾಕ್ಟರ ಗಾಡಿ'ಗಳು. ಇಷ್ಟೊಂದು ಮಂದಿ ವೈದ್ಯರು ಇಷ್ಟೊಂದು ಕಾರುಗಳನ್ನು ಕೊಂಡು, ಮನೆಯಿಂದ ಆಸ್ಪತ್ರೆಗೆ ಮಾತ್ರ ಓಡಿಸಿ, ಮೂರೇ ವರ್ಷಕ್ಕೆ ಮಾರಿಬಿಡುವ ನಗರದಲ್ಲಿ ಆರೋಗ್ಯವು ಎಷ್ಟೊಂದು ಸಮೃದ್ಧವಾಗಿರಬೇಡ! ಡಾಕ್ಟರದಲ್ಲದಿದ್ದರೆ ಅದು 'ಲೇಡೀಸ್ ಓಡಿಸಿದ್ದು'. ಎರಡೂ ಅಲ್ಲದಿದ್ದರೆ 'ಫಾರಿನ್‌ನಲ್ಲಿರೋ ಮಗ ತಂದೆಗೆ ಕೊಡಿಸಿದ್ದು'. 'ಸಣ್ಣ ಟಚಪ್ ಆಗಿದೆ' ಎಂದರೆ ಎಡಬಾಗಿಲೂ ಬಲಬಾಗಿಲೂ ಒಂದೇ ಬಣ್ಣದವಲ್ಲವೆಂದು ಅರ್ಥ. 'ಗಾಡಿ ಬೆಣ್ಣೆ ಸಾರ್' ಎಂಬಲ್ಲಿ ಉಪಮಾನ ಉಪಮೇಯಗಳ ಸಾಮ್ಯವೇನೆಂಬುದು, ಅದು ಬೇಸಗೆಯ ಮಧ್ಯಾಹ್ನ ಕರಗತೊಡಗುವವರೆಗೆ, ವಿಶದವಾಗದು. ನಮಗೆ ಗಂಟುಬಿದ್ದ ದಲ್ಲಾಳಿಯು ಈ ಭಾಷೆಯ ಆಸ್ಥಾನಕವಿ. 2009ರ ಮಾಡೆಲ್ಲಿನ ಬೆಳ್ಳಿಬಣ್ಣದ ಕಾರೊಂದರ ಮುಂದೆ ನಿಂತು, ಮೀಟರಿನಲ್ಲಿ ತೋರುತ್ತಿದ್ದ 32,000ವನ್ನು ಭಕ್ತಿಯಿಂದ ನಿರ್ದೇಶಿಸಿ, "ಟೈರ್ ಕೂಡ ಕಂಪನಿಯಿಂದ ಬಂದಿದ್ದೇ ಸಾರ್, ಇನ್ನೂ ಬದಲಾಯಿಸಿಲ್ಲ" ಎಂದನು. ಬ್ರೇಕಿನ ತುಳಿಗೆಯ ರಬ್ಬರಾದರೋ ಪುರಾತನ ದೇವಾಲಯದ ಹೊಸ್ತಿಲಿನಂತೆ ನಡುವೆ ಸವೆದು ಹೊಳೆಯುತ್ತಿದ್ದಿತು. ಟೈರಿನ ಮಗ್ಗುಲಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆಂಬುದನ್ನು ನಾನು ಆ ವೇಳೆಗೆ ಕಲಿತಿದ್ದೆನಾಗಿ, ಮಂಡಿಯೂರಿ ಓದಿದೆ: 1411. ಹದಿನಾಲ್ಕನೆಯ ವಾರ, 2011. ಕಾರು ಹುಟ್ಟಿ ಎರಡು ವರ್ಷಗಳಾದ ಮೇಲೆ ಜನಿಸಿದ ಈ ಸಹಜಾತ ಟೈರುಗಳನ್ನು ನಾನು ತೋರಿಸಿದಾಗ ದಲ್ಲಾಳಿಯು ಲೇಶವಾದರೂ ವಿಚಲಿತನಾಗದೆ, "ಅದೇ ಸಾರ್, ಡಾಕ್ಟರು ತುಂಬ ಕೇರ್‌ಫುಲ್ಲು" ಎಂದುಬಿಟ್ಟನು.

ಇಂಥವನ ಎದುರಿಗೆ ನನ್ನಂಥ ಇತಿಹಾಸದ ಮೇಷ್ಟರು ನಿಲ್ಲಲಾರರೆಂದು, ನಮ್ಮ ಬಡಾವಣೆಯ ಮೇಸ್ತ್ರಿಗಳನ್ನು ಮೊರೆಹೊಕ್ಕೆ. ಯಾವ ಕಂಪನಿಯ ಕಾರು ಉತ್ತಮವೆಂದು ನಾನು ಕೇಳಿದ್ದಕ್ಕೆ, "ಮೂರು ಕಂಪನಿ ಅಂತ ಯಾಕ್ ತಲೆ ಕೆಡಿಸ್ಕೊಳ್ತೀರ ಮೇಷ್ಟ್ರೇ, ಒಳಗಿರೋದು ಒಂದೇ ಇಂಜಿನ್ನು" ಎಂದರು. ವಾಸ್ತವವೂ ಹಾಗೆಯೇ ಇದ್ದಿತು. ಇಟಲಿಯ ಫಿಯಟ್ಟಿನವರ 1248 ಸಿ.ಸಿ.ಯ ಒಂದೇ ಯಂತ್ರವು ಮಾರುತಿಯವರ ಸ್ವಿಫ್ಟಿನಲ್ಲಿ ಒಂದು ಹೆಸರನ್ನೂ, ಟಾಟಾರವರ ಇಂಡಿಕಾ ವಿಸ್ಟಾದಲ್ಲಿ ಇನ್ನೊಂದು ಹೆಸರನ್ನೂ ಧರಿಸಿ, ಫಿಯಟ್ಟಿನ ಪುಂಟೋದಲ್ಲಿ ಮಾತ್ರ ಸ್ವನಾಮದಿಂದ ಗುಡುಗುತ್ತಿದ್ದಿತು. ದಲ್ಲಾಳಿಯು ಕಟ್ಟಾ ದ್ವೈತಿ. ಬಾಗಿಲು, ಬಣ್ಣ, ಲಾಂಛನಗಳ ಭೇದದಿಂದಲೇ ಅವನ ಜೀವನ. ಮೇಸ್ತ್ರಿಗಳಾದರೋ ಬಾನೆಟ್ಟನ್ನು ಎತ್ತಿದೊಡನೆ ನಾಮರೂಪಗಳೆಲ್ಲ ಲಯವಾಗುವುದನ್ನು ಕಂಡ ಶುದ್ಧ ಅದ್ವೈತಿಗಳು. ಕೊನೆಗೆ ನಾನು ಕೊಂಡುದು ಈ ಮೂರರಲ್ಲಿ ಯಾವುದೆಂದು ಹೇಳಿ ಮಿಕ್ಕೆರಡರ ಭಕ್ತರನ್ನು ನೋಯಿಸಲಾರೆ.

ಮೇಸ್ತ್ರಿಗಳ ಪರೀಕ್ಷಾಕ್ರಮ ನೋಡತಕ್ಕದ್ದು. ಡೀಸೆಲು ಗಾಡಿಯನ್ನು ಬೆಳಗಿನ ಚಳಿಯಲ್ಲಿ, ಯಾರೂ ಮುಟ್ಟುವುದಕ್ಕೆ ಮೊದಲೇ ನೋಡಬೇಕೆಂಬುದು ಅವರ ಪ್ರಥಮ ಸೂತ್ರ. ತಣ್ಣಗಿರುವಾಗ ಅದು ಹೇಗೆ ಏಳುತ್ತದೆಂಬುದರಲ್ಲಿಯೇ ಅದರ ಜಾತಕವೆಲ್ಲ ಅಡಗಿದೆಯಂತೆ. ಎರಡು ಕಾರುಗಳನ್ನು ಅವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟ ಮಾತ್ರಕ್ಕೆ, "ಬೆಚ್ಚಗಿದೆ. ರೋಗಿಗೆ ಆಗ್ಲೇ ಔಷಧಿ ಕೊಟ್ಟು ಕೂರಿಸಿದ್ದಾರೆ" ಎಂದು ತಿರಸ್ಕರಿಸಿದರು. ಮೂರನೆಯದು ತಣ್ಣಗಿದ್ದಿತು. ಅದನ್ನು ಎಬ್ಬಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಯಂತ್ರದ ಮೇಲೂ ಇನ್ನೊಂದನ್ನು ತಮ್ಮ ಕಿವಿಯ ಮೇಲೂ ಇರಿಸಿ, ಕಣ್ಣುಮುಚ್ಚಿ, ವೀಣೆಯ ಶ್ರುತಿಯನ್ನು ಪರೀಕ್ಷಿಸುವವರಂತೆ ಬಹಳ ಹೊತ್ತು ನಿಂತರು. ಬಳಿಕ ಹಿಂದಕ್ಕೆ ಹೋಗಿ ಹೊಗೆಯನ್ನು ನೋಡಿದರು. ಆಯುರ್ವೇದಕ್ಕೆ ತ್ರಿದೋಷಗಳಿರುವಂತೆ ಡೀಸೆಲು ವಿದ್ಯೆಗೆ ಮೂರು ಹೊಗೆಗಳು: ಕಪ್ಪಾದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ, ನೀಲಿಯಾದರೆ ಉರಿಯಬಾರದ ಇಂಜಿನ್ನಿನ ಎಣ್ಣೆಯೇ ಉರಿಯುತ್ತಿದೆ, ಬಿಳಿದಾದ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಆ ಗಾಡಿಗೂ ನಮಗೂ ಋಣವಿಲ್ಲ. ನಮ್ಮದು ಏಳುವಾಗ ಒಮ್ಮೆ ಕರ್ರಗೆ ಕೆಮ್ಮಿ ತೆಪ್ಪಗಾಯಿತು. "ಪರವಾಗಿಲ್ಲ, ಸಾಧು. ಕ್ಲಚ್ ಮಾತ್ರ ಒಂದು ವರ್ಷ ಬರಬಹುದು" ಎಂದರು ಮೇಸ್ತ್ರಿಗಳು. ಆ ವಾಕ್ಯದ ಪೂರ್ವಾರ್ಧವನ್ನು ಮಾತ್ರ ಕೇಳಿಸಿಕೊಳ್ಳುವಷ್ಟು ನನ್ನ ಮನಸ್ಸು ಆ ವೇಳೆಗಾಗಲೇ ಸೋತುಹೋಗಿದ್ದಿತು. 29, 30ನೆಯ ನಮೂನೆಗಳ ಮೇಲೆ ಹಾಕಿದ ಸಹಿಗಳ ವಿಚಾರ ಬೇಡ. ಮದುವೆಯ ದಿನವೂ ನಾನು ಅಷ್ಟು ಕಡೆ ಒಪ್ಪಿಗೆ ಕೊಟ್ಟಿರಲಿಲ್ಲ.

ಮನೆಗೆ ಬಂದ ಕಾರಿಗೆ ಆರತಿಯೆತ್ತಿ, ಗಾಲಿಯಡಿಯ ನಿಂಬೆಹಣ್ಣುಗಳನ್ನು ಜಜ್ಜಿಸಿ ಆದ ತರುವಾಯ, ಮಕ್ಕಳಿಗೆ ಈ ಯಂತ್ರದ ಇತಿಹಾಸವನ್ನು ಹೇಳುವ ಕರ್ತವ್ಯ ನನ್ನ ಮೇಲೆ ಬಿದ್ದಿತು. ಪೆಟ್ರೋಲಿನ ಯಂತ್ರಕ್ಕೆ ಬೆಂಕಿ ಹೊತ್ತಿಸಲು ಕಿಡಿಯೊಂದು ಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ಲನು ಓಡಿಸಿ ತೋರಿಸಿದ ಯಂತ್ರಕ್ಕೆ ಅದು ಬೇಡ. ಒಳಗಿನ ಗಾಳಿಯನ್ನು ಅದರ ಹತ್ತಾರರಲ್ಲೊಂದು ಪಾಲಿನ ಜಾಗಕ್ಕೆ ಅದುಮಿದರೆ ಅದು ತಾನಾಗಿಯೇ ಕಾದು ಕೆಂಡವಾಗುತ್ತದೆ. ಅದರೊಳಕ್ಕೆ ಎಣ್ಣೆ ಚಿಮ್ಮಿದೊಡನೆ ಭುಗಿಲೆನ್ನುತ್ತದೆ. "ಅಂದರೆ ತಿಂಗಳ ಕೊನೆಯಲ್ಲಿ ಅಪ್ಪ ಇದ್ದ ಹಾಗೆ" ಎಂದು ಮಗಳು ಗ್ರಹಿಸಿದಳು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿದ್ದರೆಂದು ನಾನು ಹೇಳಿದ್ದೇ ತಡ, ಅದುವರೆಗೆ ಜಪಮಾಲೆಯಲ್ಲಿ ಮಗ್ನರಾಗಿದ್ದ ನನ್ನ ತಾಯಿಯವರು, "ನಮ್ಮ ಗಾಡಿಗೂ ಅದನ್ನೇ ಹಾಕೋದಲ್ವೇನೋ? ಹೋದ ದಾರಿಯೆಲ್ಲ ಒಗ್ಗರಣೆಯ ಘಮವಾದ್ರೂ ಬರ್ತಿತ್ತು" ಎಂದರು. ಕಡಲೆಕಾಯಿ ಎಣ್ಣೆಯ ಅಂದಿನ ಧಾರಣೆಯನ್ನು ಭಾವಮೈದುನರು ಮೆಲ್ಲಗೆ ತಿಳಿಸಿದ ಮೇಲೆ ಜಪ ಮುಂದುವರಿಯಿತು. ಇಷ್ಟು ಓದಿದವನು ಇನ್ನೂ ಒಂದೆರಡು ಪುಟ ಮುಂದೆ ಓದಿದ್ದರೆ, 1913ರ ಸೆಪ್ಟೆಂಬರಿನ ಒಂದು ರಾತ್ರಿ ಆ ಡೀಸೆಲ್ ಮಹಾಶಯನು ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಣ್ಮರೆಯಾದನೆಂಬುದೂ, ಆ ಕಾಲಕ್ಕೆ ಮಿತವ್ಯಯದ ಯಂತ್ರವನ್ನು ನಿರ್ಮಿಸಿದ ಆತನೇ ಸಾಲದಲ್ಲಿ ಮುಳುಗಿದ್ದನೆಂಬುದೂ ನನಗೆ ಸಕಾಲದಲ್ಲಿ ತಿಳಿಯುತ್ತಿದ್ದಿತು.

ಮೊದಲ ಹದಿನಾಲ್ಕು ತಿಂಗಳು ಸುಖವಾಗಿಯೇ ಇದ್ದೆವು. ಆ ಗಾಡಿಯ ಸದ್ದು ಟ್ರ್ಯಾಕ್ಟರಿನ ಸದ್ದೆಂದು ಮೈಸೂರಿನ ನೆರೆಯವರು ಗೊಣಗಿದರೂ, ಕಬ್ಬಿನ ಗಾಡಿಗಳ ಮಂಡ್ಯದಲ್ಲಿ ಅದು ಯಾರ ಕಿವಿಗೂ ಪರಕೀಯವಾಗಿ ತೋರಲಿಲ್ಲ. ಶ್ರೀರಂಗಪಟ್ಟಣವನ್ನು ದಾಟಿ, ಮೂರನೆಯ ಗಿಯರಿನಲ್ಲಿ ಅರೆಕ್ಷಣ ಆಲೋಚಿಸಿ, ಅನಂತರ ಟರ್ಬೊ ಎಂಬ ಭೂತ ಮೈಮೇಲೆ ಬಂದಂತೆ ಅದು ಮುನ್ನುಗ್ಗುವಾಗ, ಸಂಬಳಕ್ಕೆ ಕಿಲೋಮೀಟರಿಗೆ ಮೂರು ರೂಪಾಯಿಗಳ ಭತ್ಯೆಯೂ ಕೂಡಿದಂತೆ ಎದೆ ಉಬ್ಬುತ್ತಿದ್ದಿತು. ದಿನದ ಸಂಪಾದನೆಯನ್ನು ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೆ. ಮೇಸ್ತ್ರಿಗಳ ಭವಿಷ್ಯವಾಣಿ ಒಂದು ವಾರವೂ ತಪ್ಪದೆ ಫಲಿಸಿ ಕ್ಲಚ್ಚು 14,000 ರೂಪಾಯಿಗಳನ್ನು ನುಂಗಿದಾಗ, ಇಂಜೆಕ್ಟರೊಂದು ಇನ್ನೂ 8,000ವನ್ನು ಬೇಡಿದಾಗ, ಅವನ್ನೂ ಕಿಲೋಮೀಟರುಗಳಾಗಿ ಪರಿವರ್ತಿಸಿ ಬಾಕಿಗೆ ಸೇರಿಸಿದೆ.

ಆಗ ನನಗೆ ಮೈಸೂರಿಗೇ ವರ್ಗವಾಯಿತು.

ಯಾವ ವರ್ಗಾವಣೆಗಾಗಿ ಹನ್ನೆರಡು ವರ್ಷ ಅರ್ಜಿಗಳನ್ನು ಗುಜರಾಯಿಸಿ, ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎರಡು ಬಾರಿ ಹತ್ತಿದ್ದೆನೋ, ಅದು ಕೇಳುವುದನ್ನು ಬಿಟ್ಟ ಮೇಲೆ ತಾನಾಗಿ ಬಂದಿತು. ಹೊಸ ಕಾಲೇಜು ಮನೆಯಿಂದ ಮೂರು ಕಿಲೋಮೀಟರು. ಸಹೋದ್ಯೋಗಿಗಳು ಹಾರ ಹಾಕಿ ಬೀಳ್ಕೊಟ್ಟಾಗ ನನ್ನ ಕಣ್ಣಿನಲ್ಲಿ ನೀರಾಡಿದ್ದನ್ನು ಅವರು ತಮ್ಮ ಮೇಲಣ ಪ್ರೀತಿಯೆಂದು ತಿಳಿದರು. ನೀಲಿ ಪುಸ್ತಕದ ಪ್ರಕಾರ ಅಂದಿಗೆ ಸರಿದೂಗಲು ಇನ್ನೂ 24,000 ಕಿಲೋಮೀಟರು ಓಡಬೇಕಾಗಿದ್ದಿತು. ದಿನಕ್ಕೆ ಆರರಂತೆ ಓಡಿದರೆ ಆ ಸಾಲ ತೀರುವುದು ಮೊಮ್ಮಕ್ಕಳ ಕಾಲಕ್ಕೆ. ಸಾಲದುದಕ್ಕೆ, ಮೂರು ಕಿಲೋಮೀಟರಿನಲ್ಲಿ ಡೀಸೆಲು ಯಂತ್ರ ಬಿಸಿಯೂ ಆಗುವುದಿಲ್ಲ. "ಇದನ್ನ ಹಿಂಗೆ ಕಟ್ಟಾಕ್ಬಾರ್ದು ಮೇಷ್ಟ್ರೇ, ಓಡುಸ್ತಾ ಇರ್ಬೇಕು" ಎಂದು ಮೇಸ್ತ್ರಿಗಳೂ ಎಚ್ಚರಿಸಿದರು.

ಹೀಗೆ ನಮ್ಮ ಭಾನುವಾರಗಳು ವಿಹಾರದ ಪದವಿಯಿಂದ ದುಡಿಮೆಯ ಪದವಿಗೆ ಇಳಿದವು. ತಲಕಾಡು, ಸೋಮನಾಥಪುರ, ಬಿಳಿಗಿರಿರಂಗನಬೆಟ್ಟ, ಮತ್ತೆ ತಲಕಾಡು. ಶಿವನಸಮುದ್ರದಲ್ಲಿ ನಾನು, "1902ರಷ್ಟು ಹಿಂದೆಯೇ ಇಲ್ಲಿಂದ" ಎಂದು ಆರಂಭಿಸಿದರೆ ಮಕ್ಕಳಿಬ್ಬರೂ ಒಂದೇ ದನಿಯಲ್ಲಿ "ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದರು" ಎಂದು ಮುಗಿಸುವರು. ಮಳೆ ಹಿಡಿದು ಎಲ್ಲರೂ ಕಂಬಳಿಯೊಳಗೆ ಮುದುಡಿರುವ ಬೆಳಗಿನಲ್ಲಿ, "ಏಳಿ, ಈ ತಿಂಗಳು ಇನ್ನೂ 140 ಕಡಮೆ ಬಿದ್ದಿದೆ" ಎಂದು ನಾನು ಬಾಗಿಲು ತಟ್ಟುವೆನು. ನನ್ನ ತಾಯಿಯವರು ಜೀವಮಾನದಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನ ತೀರ್ಥಯಾತ್ರೆಯನ್ನು ಆ ಒಂದು ವರ್ಷದಲ್ಲಿ ಮಾಡಿ, ಕಡೆಗೆ, "ದೇವರಿಗೂ ಒಂದು ವಾರ ಬಿಡುವು ಕೊಡಪ್ಪಾ" ಎಂದರು.

ಇತ್ತ ಸರಕಾರವು 2013ರ ಜನವರಿಯಿಂದ ಡೀಸೆಲಿನ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯ ಮೇರೆಗೆ, ಮಗುವಿಗೆ ಕಹಿ ಕಷಾಯವನ್ನು ಕುಡಿಸುವಂತೆ, ಸದ್ದಿಲ್ಲದೆ ಏರಿಸುತ್ತ ಬಂದಿದ್ದಿತು. 2014ರ ಅಕ್ಟೋಬರಿನಲ್ಲಿ ಅದರ ಮೇಲಣ ಹಿಡಿತವನ್ನು ಪೂರ್ತಿಯಾಗಿ ಬಿಟ್ಟಾಗ ಪೆಟ್ರೋಲಿಗೂ ಡೀಸೆಲಿಗೂ ನಡುವಣ ಮೂವತ್ತು ಚಿಲ್ಲರೆ ರೂಪಾಯಿಗಳ ಆ ರಮ್ಯ ಕಂದರವು ಬಹುಮಟ್ಟಿಗೆ ಹೂಳಿಹೋಗಿದ್ದಿತು. ಭಾವಮೈದುನರು ದೀಪಾವಳಿಗೆ ಬಂದವರು ನೀಲಿ ಪುಸ್ತಕವನ್ನು ತರಿಸಿ, ಹೊಸ ಧಾರಣೆಯಂತೆ ಕಿಲೋಮೀಟರಿಗೆ 1 ರೂಪಾಯಿ 80 ಪೈಸೆ ಮಾತ್ರ ಉಳಿಯುವುದೆಂದು ಗುಣಿಸಿ ಭಾಗಿಸಿ, ಬಾಕಿ ಈಗ 31,000 ಕಿಲೋಮೀಟರೆಂದು ಸಾರಿದರು. ವರ್ಷವಿಡೀ ಓಡಿದ ಮೇಲೆ ಗುರಿಯು ಹಿಂದಿಗಿಂತ ಏಳು ಸಾವಿರ ಕಿಲೋಮೀಟರು ಆಚೆಗೆ ಸರಿದಿದ್ದಿತು. "ಲೆಕ್ಕವೇನೂ ತಪ್ಪಿಲ್ಲ ಭಾವಾ" ಎಂದು ಅವರು ಮತ್ತೊಂದು ಹೋಳಿಗೆಯನ್ನು ತಟ್ಟೆಗೆ ಎಳೆದುಕೊಂಡರು.

ಮುಂದಿನ ಭಾನುವಾರ ಮೇಲುಕೋಟೆಗೆ ಹೋದೆವು. ಅಲ್ಲಿ ಪುಳಿಯೋಗರೆ ಮಾರುವ ವೃದ್ಧರೊಬ್ಬರಿಗೆ ನಮ್ಮ ಮುಖಗಳು ಪರಿಚಿತವಾಗಿಹೋಗಿದ್ದವು. ಎಲೆಯನ್ನು ನನ್ನ ಹೆಂಡತಿಯ ಕೈಗೆ ಕೊಡುತ್ತ, "ಪದೇಪದೇ ಬರ್ತೀರಲ್ಲಮ್ಮಾ, ಹರಕೆ ಏನಾದ್ರೂ ಉಂಟೋ?" ಎಂದು ಕೇಳಿದರು.

"ಹೌದು ಸ್ವಾಮಿ. ಇನ್ನು ಮೂವತ್ತೊಂದು ಸಾವಿರ ಬಾಕಿ ಇದೆ" ಎಂದಳು ಅವಳು.

ಆ ಸಾಧು ಪುರುಷರು ಅದನ್ನು ನಮಸ್ಕಾರಗಳೆಂದೋ ಪ್ರದಕ್ಷಿಣೆಗಳೆಂದೋ ಭಾವಿಸಿದರೆಂದು ತೋರುತ್ತದೆ. ಕಣ್ಣಗಲಿಸಿ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಮಾತನಾಡದೆ, ನನ್ನ ಎಲೆಗೆ ಇನ್ನೆರಡು ಹಿಡಿ ಪುಳಿಯೋಗರೆಯನ್ನು ಹಾಕಿದರು.