‘ಲೊಟಲೊಟ ಅಂದಿದ್ದು ನಾನೇ’: ಒಂದು ಬಾಲ್ ಜಾಯಿಂಟಿನ ಸಂದರ್ಶನ

ಬಾಲ್ ಜಾಯಿಂಟ್ ಎನ್ನುವುದು ಕಾರಿನ ಮುಂದಿನ ಚಕ್ರವನ್ನು ಲೋವರ್ ಆರ್ಮ್ ಎಂಬ ಕಬ್ಬಿಣದ ತೋಳಿಗೆ ಸೇರಿಸುವ ಕೀಲು. ಒಂದು ಉಕ್ಕಿನ ಗುಂಡು, ಅದು ಕೂರುವ ಬಟ್ಟಲು, ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಅಸ್ತರು, ಒಂದಿಷ್ಟು ಗ್ರೀಸು, ಮೇಲೊಂದು ರಬ್ಬರ್ ಟೋಪಿ: ಇಷ್ಟೇ ಅದರ ಸಂಸಾರ. ಮನುಷ್ಯನ ಸೊಂಟದ ಕೀಲು ಕಾಲನ್ನು ಎತ್ತಲೂ ತಿರುಗಿಸಲೂ ಬಿಡುವ ಹಾಗೆ, ಇದು ಚಕ್ರವನ್ನು ಏರಿಳಿಯಲೂ ಎಡಬಲಕ್ಕೆ ತಿರುಗಲೂ ಒಟ್ಟಿಗೇ ಬಿಡುತ್ತದೆ. ಕಾರಿನ ಮಾಲೀಕರಲ್ಲಿ ಬಹುಪಾಲು ಜನ ಇದರ ಮುಖ ನೋಡಿರುವುದಿಲ್ಲ.

ಸಂದರ್ಶನಕ್ಕೆ ಒಪ್ಪಿದ್ದು 2005ರ ಒಂದು ಮಾರುತಿ 800ರ ಎಡಗಡೆಯ ಬಾಲ್ ಜಾಯಿಂಟ್. ಸ್ಥಳ ಬೆಂಗಳೂರಿನ ಒಂದು ಗಲ್ಲಿ ಗ್ಯಾರೇಜು. ಸಂದರ್ಶಕರು ಹಳೆಯ ಫ್ಲೆಕ್ಸ್ ಹಾಸಿಕೊಂಡು ಕಾರಿನಡಿ ಅಂಗಾತ ಮಲಗಿ ಪ್ರಶ್ನೆ ಕೇಳಬೇಕಾಯಿತು. ಕಾರಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅವರು ಒಳಗೆ ನುಗ್ಗಿದ್ದು. ಬರೀ ಜಾಕಿ ನಂಬಿ ಮಲಗುವವರ ಬಗ್ಗೆ ಬರೆಯುವುದನ್ನು ಸಂದರ್ಶನ ಎನ್ನುವುದಿಲ್ಲ, ಪಂಚನಾಮೆ ಎನ್ನುತ್ತಾರೆ. ಕೀಲಿನ ರಬ್ಬರ್ ಟೋಪಿ ಅರ್ಧ ಸುತ್ತು ಸೀಳಿತ್ತು. ಸೀಳಿನಿಂದ ಇಣುಕುತ್ತಿದ್ದ ಗ್ರೀಸಿಗೆ ಮರಳು ಮೆತ್ತಿಕೊಂಡು ಒಣಗಿ ಹೆಕ್ಕಳಿಕೆಯಾಗಿತ್ತು.

ತಮ್ಮ ಹುದ್ದೆ ಏನು ಎಂಬುದು ಮೊದಲ ಪ್ರಶ್ನೆ. “ಕಾರಿನ ಭಾರ ಹೊರುವವನು ನಾನೇ ಅಂತ ಕೆಲವರು ತಿಳಿದಿದ್ದಾರೆ ಸ್ವಾಮಿ. ಈ ಕಾರಲ್ಲಿ ಅದು ಸ್ಪ್ರಿಂಗಿನ ಕೆಲಸ. ನಾನು ಚಕ್ರದ ಬುಡ ಹಿಡಿದುಕೊಂಡಿರುತ್ತೇನೆ, ಅಷ್ಟೇ” ಎಂದು ಕೀಲು ವಿನಯ ತೋರಿತು. ವಿನಯ ಸ್ವಲ್ಪ ಜಾಸ್ತಿಯಾಯಿತು, ಮಾತು ಮಾತ್ರ ನಿಜ. ಮಾರುತಿ 800ರಂಥ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ನಿಲ್ಲುತ್ತವೆ, ತೂಕ ಹೊರುವುದು ಸ್ಪ್ರಿಂಗು. ಕೆಳಗಿನ ಕೀಲಿಗೆ ಬರುವುದು ಅಡ್ಡ ಎಳೆತ. ತಿರುವಿನಲ್ಲಿ ಚಕ್ರದ ಬುಡ ಆಚೀಚೆ ಜರುಗದಂತೆ, ಬ್ರೇಕ್ ಒತ್ತಿದಾಗ ಹಿಂದಕ್ಕೆ ಸರಿಯದಂತೆ ಅದು ತಡೆಯಬೇಕು. ಅದಕ್ಕೆ ಬದಲಿ ಆಸರೆ ಇಲ್ಲ. ಎರಡನೆಯ ಕೀಲೊಂದನ್ನು ಕಾಯ್ದಿರಿಸಿ ಇಡುವಷ್ಟು ಉದಾರತೆ ಯಾವ ಕಾರಿನ ವಿನ್ಯಾಸದಲ್ಲೂ ಇರುವುದಿಲ್ಲ.

ವಂಶದ ಮಾತು ಬಂದಾಗ ದನಿ ಏರಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿ ಗ್ರಾಹಕರ ಕೈಗಿಟ್ಟಾಗ ತನ್ನ ಮುತ್ತಜ್ಜ ಅದೇ ಕಾರಿನ ಚಕ್ರದ ಹಿಂದೆ ಇದ್ದನೆಂದೂ, ಫೋಟೋದಲ್ಲಿ ಮಾತ್ರ ಬಿದ್ದಿಲ್ಲವೆಂದೂ ಕೀಲು ಹೇಳಿಕೊಂಡಿತು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತಿತು. ನಿಂತದ್ದು ತಯಾರಿಕೆ, ಓಡಾಟವಲ್ಲ. ಇಂಥ ಕಾರು ಮೊದಲ ಮಾಲೀಕರ ಮನೆಯಲ್ಲಿ ಹೆಮ್ಮೆಯ ವಸ್ತು, ಎರಡನೆಯವರಲ್ಲಿ ಆಫೀಸಿನ ಗಾಡಿ, ಮೂರನೆಯವರಲ್ಲಿ ‘ಮಗ ಡ್ರೈವಿಂಗ್ ಕಲಿಯೋದಕ್ಕೆ ಇರಲಿ’ ಎಂಬ ಸಾಮಾನು. ಪ್ರತಿ ಸಲ ಕೈ ಬದಲಾದಾಗಲೂ ಆರ್‌ಸಿ ಬಂತೇ, ಇನ್ಶೂರೆನ್ಸ್ ಬಂತೇ, ಟೇಪ್ ರೆಕಾರ್ಡರ್ ಹಾಡುತ್ತದೆಯೇ ಎಂದು ವಿಚಾರಿಸುತ್ತಾರೆ. ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿದವರು ತನ್ನ ನೆನಪಿನಲ್ಲಿ ಯಾರೂ ಇಲ್ಲವೆಂದು ಕೀಲು ತಿಳಿಸಿತು. ಹೊಸದಾಗಿ ಸ್ಟಿಯರಿಂಗ್ ಹಿಡಿಯುವ ಹುಡುಗನಿಗೆ ಮನೆಯಲ್ಲೇ ಅತಿ ಸವೆದ ಕಾರನ್ನು ಕೊಡುವ ಪದ್ಧತಿಯ ಬಗ್ಗೆ ಅದಕ್ಕೆ ಅಭಿಪ್ರಾಯವಿತ್ತು, ಅಚ್ಚು ಮಾಡುವಂತಿರಲಿಲ್ಲ.

ಸವೆತ ಶುರುವಾಗುವುದು ಉಕ್ಕಿನಲ್ಲಲ್ಲ, ರಬ್ಬರಿನಲ್ಲಿ. ಬಿಸಿಲು, ಎಣ್ಣೆ ಮತ್ತು ವಯಸ್ಸಿನಿಂದ ಟೋಪಿ ಗಡುಸಾಗಿ ಬಿರಿಯುತ್ತದೆ. ಮಳೆನೀರು ಒಳಗಿನ ಗ್ರೀಸನ್ನು ತೊಳೆದರೆ ಅದರ ಜಾಗಕ್ಕೆ ದೂಳು ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಗುಂಡು ತಿರುಗಿದಷ್ಟೂ ಅಸ್ತರು ಅರೆದುಹೋಗುತ್ತದೆ. ನಡುವೆ ಹುಟ್ಟುವ ಸಡಿಲಕ್ಕೆ ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರೆ. ಲೋವರ್ ಆರ್ಮಿನ ಇನ್ನೊಂದು ತುದಿಯಲ್ಲಿರುವ ಬುಷ್ ಕೂಡ ರಬ್ಬರೇ. ಅದು ಹರಿದರೆ ಬ್ರೇಕ್ ಹಾಕಿದಾಗಲೆಲ್ಲ ತೋಳು ಹಿಂದೆಮುಂದೆ ಜರುಗಿ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಚಾಲಕ ಮಾತ್ರ ರಸ್ತೆಯನ್ನು ಬೈಯುತ್ತಾನೆ.

ಮುನ್ಸೂಚನೆ ಕೊಡಲಿಲ್ಲವೇಕೆ ಎಂಬ ಪ್ರಶ್ನೆಗೆ ಕೀಲು ಕೆರಳಿತು. “ಲೊಟಲೊಟ ಅಂದಿದ್ದು ನಾನೇ ಸ್ವಾಮಿ, ಎರಡು ಮಳೆಗಾಲ!” ಅದರ ಹೇಳಿಕೆಯ ಪ್ರಕಾರ ಮೊದಲು ಹಂಪ್ ಇಳಿಯುವಾಗ ಒಂದೇ ಒಂದು ‘ಟಕ್’ ಕೇಳಿಸಿತ್ತು. ಮಾಲೀಕರು ಅದು ಡ್ಯಾಶ್‌ಬೋರ್ಡಿನದೆಂದು ತೀರ್ಮಾನಿಸಿ ಅಲ್ಲಿಗೆ ಮಡಚಿದ ಬಸ್ ಟಿಕೆಟ್ ತುರುಕಿದರು. ಸದ್ದು ಲೊಟಲೊಟಕ್ಕೆ ಬಡ್ತಿ ಪಡೆದಾಗ ಡಿಕ್ಕಿಯಲ್ಲಿದ್ದ ಜಾಕಿ, ಸ್ಪ್ಯಾನರು, ಕೊನೆಗೆ ಸ್ಟೆಪ್ನಿಯನ್ನೂ ಮನೆಯಲ್ಲಿ ಇಳಿಸಿಟ್ಟು ನೋಡಿದರು. ಆಮೇಲೆ ಹಾಡಿನ ವಾಲ್ಯೂಮ್ ಏರಿಸಿದರು. ಈ ಕೊನೆಯ ಚಿಕಿತ್ಸೆ ನಾಡಿನಾದ್ಯಂತ ಅತ್ಯಂತ ಯಶಸ್ವಿಯಾಗಿದೆ.

ಈ ಹಂತದಲ್ಲಿ ಪಕ್ಕದ ಶಾಕ್ ಅಬ್ಸಾರ್ಬರ್ ತಾನೂ ಎರಡು ಮಾತಾಡುವುದಾಗಿ ಹೇಳಿತು. ಅದರ ಮೈತುಂಬ ಎಣ್ಣೆ ಸೋರಿ ದೂಳು ಅಂಟಿತ್ತು. ತನ್ನ ಹೆಸರೇ ತಪ್ಪು ತಿಳಿವಳಿಕೆಗೆ ಕಾರಣ, ಗುಂಡಿಯ ಹೊಡೆತವನ್ನು ಮೊದಲು ನುಂಗುವುದು ಸ್ಪ್ರಿಂಗು, ಅದಾದ ಮೇಲೆ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ಹಿಡಿಯುವುದು ತಾನು ಎಂಬುದು ಅದರ ವಿವರಣೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಎಣ್ಣೆ ಸೋರಿದ ಮೇಲೆ ಕುಣಿತಕ್ಕೆ ತಡೆಯಿಲ್ಲ. ಚಕ್ರ ಪುಟಿದಾಗಲೆಲ್ಲ ಟೈರು ನೆಲವನ್ನು ಬಿಡುತ್ತದೆ ಅಥವಾ ಬರೀ ಸವರುತ್ತದೆ. ನೆಲ ಹಿಡಿಯದ ಟೈರಿಗೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ವ್ಯರ್ಥ, ಕಾರು ನಿಲ್ಲಬೇಕಾದ ಜಾಗ ದಾಟಿಯೇ ನಿಲ್ಲುತ್ತದೆ. ಓಡುವ ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 40 ಕಿಲೋಮೀಟರಿನಲ್ಲಿ ಹೇಗೋ ಸಾಗುವ ಸಡಿಲ 80ರಲ್ಲಿ ನಾಲ್ಕು ಪಟ್ಟು ಶಕ್ತಿಯನ್ನು ಎದುರಿಸಬೇಕು. “ಮಾಲೀಕರು ನನ್ನನ್ನು ಮೆಚ್ಚುತ್ತಾರೆ. ಗಾಡಿ ಈಗ ಮೆತ್ತಗೆ ಹೋಗುತ್ತೆ, ತೊಟ್ಟಿಲು ತೂಗಿದ ಹಾಗಿದೆ ಅಂತಾರೆ” ಎಂದು ಶಾಕ್ ಅಬ್ಸಾರ್ಬರ್ ನಿಟ್ಟುಸಿರಿಟ್ಟಿತು.

ರಸ್ತೆಯ ಪಾತ್ರವನ್ನು ಎರಡೂ ಭಾಗಗಳು ಒಕ್ಕೊರಲಿನಿಂದ ಪ್ರಸ್ತಾಪಿಸಿದವು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, 17 ಮೀಟರ್ ತ್ರಿಜ್ಯದಲ್ಲಿ ಬಾಗಿದ, 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ಸೌಮ್ಯ ಉಬ್ಬು. ಬಡಾವಣೆಯವರು ರಾತ್ರೋರಾತ್ರಿ ಉಳಿದ ಸಿಮೆಂಟಿನಲ್ಲಿ ಕಟ್ಟುವ ದಿಬ್ಬಕ್ಕೂ ಇದಕ್ಕೂ ಹೆಸರು ಒಂದೇ. ಮಾರುತಿ 800ರ ಚಕ್ರ 12 ಇಂಚಿನದು. ದೊಡ್ಡ ಚಕ್ರ ತೇಲಿ ದಾಟುವ ಗುಂಡಿಗೆ ಇದು ಪೂರ್ತಿ ಇಳಿದು ಎದುರಂಚಿಗೆ ಹಣೆ ಚಚ್ಚಿಕೊಳ್ಳುತ್ತದೆ. ಆದರೂ ರಸ್ತೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಲು ಕೀಲು ಒಪ್ಪಲಿಲ್ಲ. ಗುಂಡಿ ಎಲ್ಲ ಕಾರುಗಳಿಗೂ ಒಂದೇ, ಕೆಳಗೆ ನೋಡುವ ಮಾಲೀಕರು ಮಾತ್ರ ಬೇರೆ ಬೇರೆ.

ವರ್ಷಕ್ಕೊಮ್ಮೆಯಾದರೂ ಯಾರೋ ಹತ್ತಿರ ಬರುತ್ತಾರಲ್ಲ ಎಂದು ಸಂದರ್ಶಕರು ಆಯುಧಪೂಜೆಯನ್ನು ನೆನಪಿಸಿದರು. ಬರುತ್ತಾರೆ ಎಂದು ಕೀಲು ಒಪ್ಪಿತು. ಕಾರನ್ನು ತೊಳೆದು, ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರದಡಿ ಒಂದೊಂದು ನಿಂಬೆಹಣ್ಣು ಇಡುತ್ತಾರೆ. ನಿಂಬೆಹಣ್ಣು ಇಡಲು ಬಗ್ಗಿದ ಮನುಷ್ಯನ ಕಣ್ಣಿಗೂ ಸೀಳಿದ ರಬ್ಬರ್ ಟೋಪಿಗೂ ನಡುವೆ ಒಂದು ಮೊಳ ಅಂತರ. ಆ ಮೊಳವನ್ನು ದಾಟಿದ ನೋಟ ಈವರೆಗೆ ದಾಖಲಾಗಿಲ್ಲ.

ಕಾನೂನಿನ ನೋಟವೂ ಅಪರೂಪವೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಊರ್ಜಿತ; ಆಮೇಲೆ ಆರ್‌ಟಿಒಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲ 15 ವರ್ಷದಲ್ಲಿ ಕಾರಿನ ಅಡಿಯನ್ನು ನೋಡಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ಟ್ಯಾಕ್ಸಿ, ಲಾರಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ ಎಫ್‌ಸಿ ಎಂಬ ಫಿಟ್‌ನೆಸ್ ಸರ್ಟಿಫಿಕೇಟು ಮಾಡಿಸಬೇಕಾದ ದೇಶದಲ್ಲಿ ಮನೆಮಂದಿಯನ್ನು ಹೊತ್ತ ಕಾರಿಗೆ ಈ ರಿಯಾಯಿತಿ. ಬ್ರಿಟನ್ನಿನಲ್ಲಿ 1960ರಲ್ಲಿ ಹಳೆಯ ಕಾರುಗಳಿಗೆ ಶುರುವಾದ ಎಂಒಟಿ ಪರೀಕ್ಷೆ ಈಗ ಮೂರು ವರ್ಷ ತುಂಬಿದ ಕಾರಿಗೆ ವರ್ಷಕ್ಕೊಮ್ಮೆ ಕಡ್ಡಾಯ, ಅಲ್ಲಿ ಬಾಲ್ ಜಾಯಿಂಟ್ ತೀರಾ ಸಡಿಲವಾಗಿದ್ದರೆ ಕಾರು ಫೇಲು. ಇಲ್ಲಿ ನಮ್ಮ ಕೀಲಿನ ಕಾರಿನಷ್ಟು ಹಳೆಯ ಕಾರುಗಳ ಹೊಗೆಗೆ ಆರು ತಿಂಗಳಿಗೊಮ್ಮೆ ಸರ್ಟಿಫಿಕೇಟು ಬೇಕು. “ಹೊಗೆಗೆ ಇರುವ ಯೋಗ ನಮಗಿಲ್ಲ” ಎಂದು ಕೀಲು ಕೊಂಕು ನುಡಿಯಿತು. ಅಪಾಯಕಾರಿ ದೋಷವಿದೆಯೆಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ, ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧವೇನೋ ಹೌದು. ತಿಳಿಯದಂತೆ ನೋಡಿಕೊಳ್ಳುವ ಕಲೆಯಲ್ಲಿ ಮಾಲೀಕರು ಪಳಗಿದ್ದಾರೆ. ವಿಮೆ ಪಾಲಿಸಿಗಳು ಸವೆತವನ್ನು ಹೊರಗಿಟ್ಟೇ ಬರೆದಿರುವುದರಿಂದ ಆ ಬಾಗಿಲೂ ಇಲ್ಲ.

ಕಳಚುವ ಗಳಿಗೆಯ ಬಗ್ಗೆ ಕೀಲು ಮಾತಾಡಲು ಹಿಂಜರಿದು, ಕೊನೆಗೆ ತನ್ನ ಬಂಧುವೊಬ್ಬನ ಕತೆಯೆಂದು ಹೇಳಿತು. ಬಟ್ಟಲಿನ ಅಂಚು ಸವೆದು ಅಗಲವಾದಾಗ ಗುಂಡು ಒಂದು ಎಳೆತಕ್ಕೆ ಹೊರಬರುತ್ತದೆ. ಚಕ್ರದ ಬುಡ ಹೊರಕ್ಕೆ ಚಾಚಿ, ಕಾರಿನ ಮೂಲೆ ನೆಲಕ್ಕೆ ಬಗ್ಗಿ, ಮಡ್‌ಗಾರ್ಡು ಟೈರಿನ ಮೇಲೆ ಕೂರುತ್ತದೆ. ಮುಂದಿನ ಚಕ್ರಗಳಿಂದಲೇ ಓಡುವ ಕಾರಾದ್ದರಿಂದ ಆ ಪಕ್ಕದ ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನಿಂದ ಕಿತ್ತು ಬರಬಹುದು, ಬ್ರೇಕಿನ ಪೈಪು ಎಳೆದು ಹರಿಯಬಹುದು. ಹಲವು ಸಲ ಇದು ಗೇಟಿನ ಮುಂದೆ ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗಲೇ ಆಗಿಬಿಡುತ್ತದೆ. ಅಂಥ ಮನೆಯವರು ಕಾರಿನ ಜಾತಕವನ್ನು ದೂರುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಆದರೆ ದೂರಲು ಪುರುಸೊತ್ತು ಇರುವುದಿಲ್ಲ. ಸ್ಟಿಯರಿಂಗ್ ಕೈಯಲ್ಲೇ ಇರುತ್ತದೆ, ಅದರ ಮಾತು ಕೇಳುವ ಚಕ್ರ ಮಾತ್ರ ಒಂದೇ.

ಪತ್ತೆ ಹಚ್ಚುವುದು ಕಷ್ಟವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಮೆಕ್ಯಾನಿಕ್‌ನಿಂದ. ಆತ ಬಲಗಡೆಯ ಚಕ್ರ ನೆಲ ಬಿಡುವಷ್ಟು ಕಾರನ್ನು ಎತ್ತಿ, ಗಡಿಯಾರದಲ್ಲಿ 12 ಮತ್ತು 6 ಇರುವ ಜಾಗಗಳಲ್ಲಿ ಟೈರು ಹಿಡಿದು ಅಲ್ಲಾಡಿಸಿದ. ಚಕ್ರ ಟಕಟಕ ಎಂದಿತು. ಗ್ಯಾರೇಜಿನ ಹುಡುಗನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿದ. ಬ್ರೇಕ್ ತುಳಿದಾಗ ಆಟ ನಿಂತರೆ ದೋಷ ವ್ಹೀಲ್ ಬೇರಿಂಗಿನದು, ನಿಲ್ಲದಿದ್ದರೆ ಬಾಲ್ ಜಾಯಿಂಟಿನದು. ನಿಲ್ಲಲಿಲ್ಲ. ಟಾಮಿ ಎಂಬ ಸರಳಿನಿಂದ ಲೋವರ್ ಆರ್ಮನ್ನು ಮೀಟಿ ಕೀಲನ್ನೇ ನೇರವಾಗಿ ನೋಡಿದಾಗ ಅನುಮಾನ ಉಳಿಯಲಿಲ್ಲ. 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ಟಿಯರಿಂಗಿನ ಟೈ ರಾಡ್ ಎಂಡ್‌ಗಳ ಬಣ್ಣ ಬಯಲಾಗುತ್ತದೆ. ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ ಎಂದರ್ಥ. ತೂಗಲಿಲ್ಲವೆಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಟೈರೂ ಸಾಕ್ಷಿ ಹೇಳುತ್ತದೆ. ಒಂದೇ ಅಂಚು ಸವೆದಿದ್ದರೆ, ಅಲ್ಲಲ್ಲಿ ತಗ್ಗುಗಳೆದ್ದಿದ್ದರೆ ದೋಷ ಈಗ ಹೇಳಿದ ಭಾಗಗಳಲ್ಲಿರುವ ಸಂಭವ ಹೆಚ್ಚು. ಹಾಗೆಯೇ ಬಿಟ್ಟು ಹೊಸ ಟೈರು ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕೀಲು ಸಡಿಲವಿದ್ದಾಗ ಮಾಡಿಸಿದ ವ್ಹೀಲ್ ಅಲೈನ್‌ಮೆಂಟು ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಸರಿಯಿರುತ್ತದೆ.

ಉತ್ತರಾಧಿಕಾರಿಯ ಬಗ್ಗೆ ಕೀಲಿಗೆ ಆತಂಕವಿತ್ತು. ಮಾಲೀಕರು ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೆ ಹೋದಾಗ ಅಂಗಡಿಯವನು ಕೇಳುವ ಮೊದಲ ಪ್ರಶ್ನೆ “ಒರಿಜಿನಲ್ ಬೇಕಾ ಸಾರ್, ಲೋಕಲ್ ಸಾಕಾ?” ಎಂಬುದು. ಲೋಕಲ್ ಎಂದರೆ ಕಳಪೆ ಎಂದೇ ಅಲ್ಲ. ಆದರೆ ಹೆಸರಿಲ್ಲದ ಪೆಟ್ಟಿಗೆಯೊಳಗಿನ ಉಕ್ಕು ಎಂಥದೆಂದು ಪೆಟ್ಟಿಗೆಗೇ ಗೊತ್ತಿರುವುದಿಲ್ಲ. ಶಿವಾಜಿನಗರದ ಗುಜರಿಯಿಂದ ತಂದ ಹಳೆಯ ಲೋವರ್ ಆರ್ಮ್ ಹಾಕುವುದೆಂದರೆ ಒಬ್ಬರ ಸವೆತವನ್ನು ಇನ್ನೊಬ್ಬರ ಸವೆತದಿಂದ ಬದಲಿಸಿಕೊಂಡಂತೆ. ಜೋಡಿಸುವಾಗಲೂ ಒಂದು ಸೂಕ್ಷ್ಮವಿದೆ: ಬುಷ್ಷಿನ ಬೋಲ್ಟನ್ನು ಕೊನೆಯ ಬಾರಿ ಬಿಗಿಮಾಡುವುದು ಕಾರು ನೆಲಕ್ಕಿಳಿದು ತನ್ನ ತೂಕದಲ್ಲಿ ನಿಂತ ಮೇಲೆ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಮೊದಲು ಕೈಬಿಟ್ಟುಹೋಗುವ ಕೆಲಸ ಇದೇ.

ಮೆಕ್ಯಾನಿಕ್ ಎಡಗಡೆಯ ಬೋಲ್ಟ್ ಸಡಿಲಿಸಿ ಟಾಮಿ ಹಾಕಿ ಮೀಟಿದಾಗ ಸಂದರ್ಶನ ನಿಂತಿತು. ಹೊಸ ಕೀಲಿನ ಸಮೇತ ಹೊಸ ಆರ್ಮ್ ಕೂತಿತು. ಬಲಗಡೆಯದನ್ನೂ ಜೊತೆಯಲ್ಲೇ ಬದಲಿಸುವುದು ಒಳ್ಳೆಯದು, ಈಗ ತಾನೇ ನೋಡಿದಿರಲ್ಲ ಸಾರ್, ಎರಡಕ್ಕೂ ಒಂದೇ ವಯಸ್ಸು ಎಂದು ಆತ ಹೇಳಿದ. ಮಾಲೀಕರು ಮೊಬೈಲಿನಿಂದ ತಲೆಯೆತ್ತದೆ, “ಅದು ಇನ್ನೂ ಸ್ವಲ್ಪ ದಿನ ಓಡುತ್ತೆ ಬಿಡಪ್ಪ” ಎಂದರು. ಬಲಗಡೆಯ ಬಾಲ್ ಜಾಯಿಂಟಿನ ಹೇಳಿಕೆ ಪಡೆಯಲು ಸಂದರ್ಶಕರು ಮತ್ತೆ ಕಾರಿನಡಿ ನುಗ್ಗುವ ಹೊತ್ತಿಗೆ ಹುಡುಗ ಜಾಕಿ ಇಳಿಸಿಯಾಗಿತ್ತು.