ಬೋರ್ಡು ಅಗ್ಗ, ಪರಿವಾರ ದುಬಾರಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಬೈಲ್ ಕವರು ಬೇಕಾದಷ್ಟು ಸಿಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೇಳಿದರೆ ಬೇಕರಿ ತೋರಿಸುತ್ತಾರೆ. ಭದ್ರಾವತಿಯ ನನ್ನ ಭಾವಮೈದುನ ಹಳೇ ಪೈ 3ರಲ್ಲಿ ಮನೆಮಂದಿಯ ಫೋಟೊ, ಹಾಡು ಎಲ್ಲ ತುಂಬಿಟ್ಟಿದ್ದಾನೆ. ಈಗ ಪೈ 5ರ ಹುಚ್ಚು.

"ಭಾವ, ಬರೀ ಬೋರ್ಡು ಬದಲಿಸಿದ್ರೆ ಆಯ್ತು."

ಬರೀ ಬೋರ್ಡಂತೆ! ಹಳೇ ಚಾರ್ಜರಿನ ಪಿನ್ನು ಕೂರುವುದಿಲ್ಲ. 5 ವೋಲ್ಟು, 5 ಆಂಪಿಯರಿನ ಹೊಸದು ಬೇಕು. ಎಚ್‌ಡಿಎಂಐ ಕಿಂಡಿ ಕಿರಿದಾಗಿದೆ, ಕೇಬಲ್ಲೂ ಬೇರೆ. ಬಿಸಿ ಜಾಸ್ತಿ, ಫ್ಯಾನು ಬೇಕು. ಹಳೇ ಡಬ್ಬಿಯಂತೂ ಹೊಂದುವುದೇ ಇಲ್ಲ. ಸೊಸೆಯ ಹಿಂದೆ ಬೀಗರ ಮನೆಯವರೆಲ್ಲ ಬಂದಿಳಿದ ಹಾಗೆ.

ಬೋರ್ಡೇನೋ ಅಗ್ಗವೇ; 2012ರಲ್ಲಿ ಮೊದಲ ಪೈ ಬಂದದ್ದು 35 ಡಾಲರಿಗೆ. ಆದರೆ ಅದರ ವಿನ್ಯಾಸ ಪೂರ್ತಿ ಮುಕ್ತವಲ್ಲ. ಬೋರ್ಡಿನ ನಕ್ಷೆಯನ್ನೇ ಎಲ್ಲರಿಗೂ ಬಿಟ್ಟುಕೊಟ್ಟದ್ದು 2013ರ ಬೀಗಲ್‌ಬೋನ್ ಬ್ಲ್ಯಾಕ್, ಆಗ 45 ಡಾಲರು. ನಮ್ಮ ಬೆಂಗಳೂರಿನ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರ್ ಇವೆರಡಕ್ಕೂ ಹಿರಿಯ. ಬಡವರಿಗೆಂದು ಹುಟ್ಟಿ ಬಡವರ ಕೈಗೇ ಎಟುಕದೆ ಹೋಯಿತು, ಪಾಪ.

ಭಾವಮೈದುನ ಬಿಡಬೇಕಲ್ಲ. "ಹಳೇದು ಬಿಟ್ಟು ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದ ಕರೆಂಟಿಗೆ ಬರ್ಲಿಲ್ವಾ ಭಾವ?"

"ಬಂತು ಮಾರಾಯ. ಅದಕ್ಕೆ ಮೊದಲು ಜೋಗದಲ್ಲಿ ಶರಾವತಿಯನ್ನೇ ಕೆಲಸಕ್ಕೆ ಹಚ್ಚಬೇಕಾಯ್ತು!"

ಫೋಟೊ ನೋಡಲು, ಹಾಡು ಕೇಳಲು ಪೈ 3 ಧಾರಾಳ ಸಾಕು. ನಿಮ್ಮ ಮನೆಯದ್ದೂ ತೆವಳುತ್ತಿದ್ದರೆ ಮೊದಲು ಒಳ್ಳೇ ಚಾರ್ಜರು, ಹೊಸ ಮೆಮೊರಿ ಕಾರ್ಡು ಹಾಕಿ ನೋಡಿ; ಕರೆಂಟು ಸಾಲದಿದ್ದರೆ ಆ ಬೋರ್ಡು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.