ಮನೆತನ ವಿಚಾರಣೆ

(ಬೋಸ್ಟನ್ನಿನ ಫ್ಲ್ಯಾಟು. ಹೊರಗೆ ಮೊಣಕಾಲುದ್ದ ಹಿಮ. ಡಿಎನ್‌ಎ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುವ ಮಗ ಲ್ಯಾಪ್‌ಟಾಪ್ ಮುಂದೆ. ಅರಸೀಕೆರೆಯಿಂದ ಬಂದ ಅಮ್ಮ, ರಿಟೈರ್ಡ್ ಪೋಸ್ಟ್‌ಮಾಸ್ಟರ್ ಅಪ್ಪ.)

ಅಮ್ಮ: ಅದೇನೋ ಕೆಂಪಗೆ ಬಡ್ಕೋತಿದೆ, ನೋಡೋ.

ಮಗ: ಆರ್ಡರ್ ಒಂದು ಸಿಕ್ಕಿಬಿದ್ದಿದೆ ಅಮ್ಮ. ಜನ ಎ, ಟಿ, ಜಿ, ಸಿ ಅಂತ ಬರೆದು ಕಳಿಸ್ತಾರೆ, ನಾವು ಆ ಡಿಎನ್‌ಎ ಮಾಡಿ ಕೊಡ್ತೀವಿ. ಅದಕ್ಕೆ ಮುಂಚೆ ಯಾವ ರೋಗಾಣುವಿನ ಮನೆತನದ್ದು ಅಂತ ಸಾಫ್ಟ್‌ವೇರು ಜಾಲಾಡುತ್ತೆ.

ಅಮ್ಮ: ಗಂಡು ನೋಡೋ ಹಾಗೆ ಅನ್ನು! ಇದಕ್ಕೇನಂತೆ ದೋಷ?

ಮಗ: ಆಂಥ್ರಾಕ್ಸ್. ದನಕ್ಕೆ ಬರೋ ನೆರಡಿ. ನಿಜವಾಗಿ ಇದು ಬಿಟಿ ಬ್ಯಾಕ್ಟೀರಿಯಾದ್ದು, ಬಿಟಿ ಹತ್ತಿ ಅಂತಾರಲ್ಲ, ಅದೇ. ಎರಡೂ ಹತ್ತಿರದ ದಾಯಾದಿಗಳು, ಎಷ್ಟೋ ಜೀನು ಒಂದೇ ಥರ.

ಅಮ್ಮ: ದಾಯಾದಿ ಕೊಲೆಗಡುಕ ಅಂತ ಇವನಿಗೆ ಹೆಣ್ಣು ತಪ್ಪಿಸ್ತೀರಾ? ಪಾಪ!

ಮಗ: ಅದಕ್ಕೇ ಕೊನೆಗೆ ನಾನು ಕೂತು ನೋಡಬೇಕು. ತುಣುಕು ಚಿಕ್ಕದಾದಷ್ಟೂ ತಲೆನೋವು. 2010ರಲ್ಲಿ ಇಲ್ಲಿನ ಸರ್ಕಾರ 200 ಅಕ್ಷರದ ತುಣುಕಿನವರೆಗೆ ಜಾಲಾಡಿ ಅಂದಿತ್ತು, 2023ರಲ್ಲಿ 50ಕ್ಕೆ ಇಳಿಸಿ ಅಂತು.

ಅಮ್ಮ: ಅಕ್ಷರ ಬಿಡು. ಕೇಳಿದೋನು ಯಾರು? ಎಲ್ಲಿ ಕೆಲಸ? ಯಾತಕ್ಕಂತೆ?

ಮಗ: ಅದನ್ನೂ ಕೇಳಲೇಬೇಕು. ಯೂನಿವರ್ಸಿಟಿಗೆ ಮೇಲ್ ಹಾಕಿದೀನಿ.

ಅಪ್ಪ: (ಪೇಪರ್ ಮಡಚಿ) ಎಲ್ಲಾ ಕಂಪನಿಯೋರೂ ಇಷ್ಟು ನೋಡ್ತಾರೇನು?

ಮಗ: 2009ರಲ್ಲಿ ಒಂದಷ್ಟು ಕಂಪನಿ ಸೇರಿ ಹೀಗೆ ಜಾಲಾಡೋಕೆ ಒಕ್ಕೂಟ ಕಟ್ಕೊಂಡ್ವು. ಮಿಕ್ಕಿದ್ದು ಬಹುಮಟ್ಟಿಗೆ ಅವರವರ ಇಷ್ಟ. ಅದಕ್ಕೂ ಮುಂಚೆ, 2006ರಲ್ಲಿ ಗಾರ್ಡಿಯನ್ ಪತ್ರಿಕೆಯೋರು ಸಿಡುಬು ವೈರಸ್ಸಿನ 78 ಅಕ್ಷರದ ತುಣುಕನ್ನ ಪೋಸ್ಟಲ್ಲಿ ತರಿಸಿಕೊಂಡ್ರು. ಅದೂ ಲಂಡನ್ನಿನ ಒಂದು ಮನೆ ವಿಳಾಸಕ್ಕೆ!

ಅಪ್ಪ: ಪೋಸ್ಟಲ್ಲಿ? ಉಪ್ಪಿನಕಾಯಿ ಎಣ್ಣೆ ಜಿನುಗಿದ್ರೇ ನಾನು ಪಾರ್ಸಲ್ ಮುಟ್ತಿರಲಿಲ್ಲವಲ್ಲೋ!

ಮಗ: ತುಣುಕಿಂದ ಏನೂ ಆಗಲ್ಲಪ್ಪ. ಯಾರೂ ಕೇಳಲಿಲ್ಲ ಅನ್ನೋದೇ ಸುದ್ದಿ. ಆಮೇಲೆ ಎಂಐಟಿಯೋರು ಎಫ್‌ಬಿಐ ಒಪ್ಪಿಗೆ ತಗೊಂಡು, 1918ರ ಫ್ಲೂ ತುಣುಕುಗಳಿಗೆ ವೇಷ ಹಾಕಿ 38 ಕಂಪನಿಗೆ ಆರ್ಡರ್ ಕೊಟ್ರು. 36 ಕಡೆಯಿಂದ ಮಾಲು ಬಂತು. 2024ರಲ್ಲಿ ಬಯಲಾಯ್ತು.

ಅಪ್ಪ: ಉಳಿದ ಎರಡರಲ್ಲಿ ನಿಮ್ಮದೊಂದು ತಾನೇ?

ಮಗ: ಅಮ್ಮ, ಹುಳಿ ಆಯ್ತಾ?

ಅಮ್ಮ: ಆಗಿದೆ. ವಿಚಾರಣೆ ಮುಗೀದೆ ಬಡಿಸಲ್ಲ.